ಪ್ರೌಢಶಾಲೆಯ ಮಕ್ಕಳಿಗೆ ಅದೇ ಚಿತ್ರವನ್ನು ಎರಡನೆಯ ಸಲ ಬರೆಯುವ ಅವಕಾಶ ಎಲ್ಲಿದೆ?

ಚಿತ್ರಕಲಾ ಶಿಕ್ಷಕ, ಮಂಡ್ಯ ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ನಿಮ್ಮ ಊರಿನ ಚಿತ್ರ ಬರೆಯಿರಿ ಎಂದರೆ, ಹೆಚ್ಚುಕಡಿಮೆ ಎಲ್ಲರ ಹಾಳೆಯಲ್ಲಿಯೂ ಎರಡು ತ್ರಿಕೋನದ ಬೆಟ್ಟ, ಅವುಗಳ ಸಂದಿಯಲ್ಲಿ ಅರ್ಧ ಸೂರ್ಯ, ಕೆಳಗೆ ಹರಿಯುವ ಹೊಳೆ, ಪಕ್ಕದಲ್ಲಿ ಒಂದು ಗುಡಿಸಲು, ಒಂದು ತೆಂಗಿನ ಮರ ಮೂಡುತ್ತವೆ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಬಯಲು. ಶಾಲೆಯ ಅಂಗಳದಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ನಿಂತರೂ ಅಂಥ ಬೆಟ್ಟಗಳು ಕಾಣುವುದಿಲ್ಲ. ಮಕ್ಕಳ ಕೈ ಚೆನ್ನಾಗಿಯೇ ಇದೆ. ಎಲ್ಲೋ ಒಮ್ಮೆ ಒಪ್ಪಿಗೆ ಪಡೆದ ಚಿತ್ರವನ್ನೇ ಮತ್ತೆ ಮತ್ತೆ ಒಪ್ಪಿಸುವುದು ಅವರಿಗೆ ರೂಢಿಯಾಗಿದೆ.

ಕಳೆದ ವರ್ಷ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಗೆ, ಬೆಟ್ಟ ಬೇಡ, ನಿನ್ನ ಮನೆಯ ಹಿತ್ತಲಿನಿಂದ ಕಾಣುವುದನ್ನು ಬರೆ ಎಂದೆ. ಅವಳ ಮನೆಯ ಹಿಂದೆ ಆಲೆಮನೆಯಿದೆ. ಮೊದಲ ಹಾಳೆಯಲ್ಲಿ ಅವಳು ಗಾಣ, ಕೊಪ್ಪರಿಗೆ, ಬೆಲ್ಲದ ಅಚ್ಚು, ಕಬ್ಬಿನ ಹೊರೆ ಎಲ್ಲವನ್ನೂ ಒಂದರ ಪಕ್ಕದಲ್ಲೊಂದು ಜೋಡಿಸಿದ್ದಳು. ಪಠ್ಯಪುಸ್ತಕದ ಚಿತ್ರದಂತೆ ಹೆಸರು ಬರೆಯುವುದೊಂದು ಬಾಕಿಯಿತ್ತು. ಎರಡನೆಯದರಲ್ಲಿ ಕೊಪ್ಪರಿಗೆಯೊಂದೇ ದೊಡ್ಡದಾಯಿತು, ಉಳಿದುದೆಲ್ಲ ಅಂಚಿಗೆ ಸರಿಯಿತು. ಮೂರನೆಯ ಸಲ ಅವಳು ಹಾಳೆಯ ಮುಕ್ಕಾಲು ಭಾಗವನ್ನು ಪೆನ್ಸಿಲಿನಿಂದ ಕಪ್ಪು ಮಾಡಿ, ಹಬೆಯನ್ನು ರಬ್ಬರಿನಿಂದ ಉಜ್ಜಿ ಬಿಳಿಯಾಗಿ ತೆಗೆದಳು. ಪಾಕ ತಿರುವುತ್ತಿದ್ದ ಮನುಷ್ಯನ ಮುಖ ಹಬೆಯಲ್ಲಿ ಮುಚ್ಚಿಹೋಗಿ ಎರಡು ಮೊಣಕೈಗಳು ಮಾತ್ರ ಉಳಿದವು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅದೇ ವಿದ್ಯಾರ್ಥಿನಿ ತಾಲ್ಲೂಕು ಮಟ್ಟದ ಸ್ಪರ್ಧೆಯೊಂದರಲ್ಲಿ, ಕೊಟ್ಟ ವಿಷಯಕ್ಕೆ ಕೊಟ್ಟ ಹೊತ್ತಿನಲ್ಲಿ, ಅಳುತ್ತಿರುವ ಭೂಮಿಯನ್ನೂ ಅದನ್ನು ಹಿಡಿದ ಎರಡು ಕೈಗಳನ್ನೂ ಬರೆದು ಬಹುಮಾನ ತಂದಳು. ಅವಳ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ಈ ವಯಸ್ಸಿನ ಮಕ್ಕಳ ಸೃಜನಶೀಲತೆ ಕಾಣಿಸಿಕೊಳ್ಳುವುದು ಎರಡನೆಯ, ಮೂರನೆಯ ಹಾಳೆಯಲ್ಲಿ ಎಂಬುದು ನನ್ನ ಅನುಭವ. ನಾವು ಅವರಿಗೆ ಒದಗಿಸಿರುವ ಪರೀಕ್ಷೆಗಳಲ್ಲಾಗಲಿ ಸ್ಪರ್ಧೆಗಳಲ್ಲಾಗಲಿ ಎರಡನೆಯ ಹಾಳೆಗೆ ಜಾಗವೇ ಇಲ್ಲ. ನಿಮ್ಮ ಅಭಿಪ್ರಾಯಗಳನ್ನು ತಿಳಿಯಬಯಸುತ್ತೇನೆ.

ಪೋಷಕಿ, ಕುವೆಂಪುನಗರ, ಮೈಸೂರು:

ಸರ್, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಹತ್ತನೆಯ ತರಗತಿಯ ಮಗಳಿರುವ ಮನೆಯ ದಿನಚರಿಯನ್ನೂ ನೀವು ನೋಡಬೇಕು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಚಿತ್ರಕಲೆಗೆ ಒಂದು ಅಂಕವೂ ಇಲ್ಲ. ಸಹಪಠ್ಯ ಚಟುವಟಿಕೆಗೆ ಗ್ರೇಡ್ ಕೊಡುತ್ತಾರೆ ಎನ್ನುವುದು ನಿಜ, ಆದರೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಮನೆಯಲ್ಲಿ ಅವಳು ಸ್ಕೆಚ್ ಪುಸ್ತಕ ತೆರೆದರೆ, 'ಪರೀಕ್ಷೆ ಮುಗಿಯಲಿ ಪುಟ್ಟಿ, ಆಮೇಲೆ ಎಷ್ಟು ಬೇಕಾದರೂ ಬರಿ' ಎಂದು ಅವಳ ಅಜ್ಜಿ ಹೇಳುತ್ತಾರೆ, ನಾನೂ ಸುಮ್ಮನಿರುತ್ತೇನೆ.

ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿಸಿದಾಗ ಒಂದು ತರಬೇತಿ ತರಗತಿಗೆ ಕಳಿಸಿದ್ದೆವು. ಅಲ್ಲಿ ನೆನಪಿನ ಚಿತ್ರಕ್ಕೆಂದು ಸಂತೆ, ಬಸ್ ನಿಲ್ದಾಣ, ಹಬ್ಬದ ಮನೆ ಎಂಬ ಸಿದ್ಧ ಚಿತ್ರಗಳನ್ನು ಕೊಟ್ಟು, ಯಾವ ಪ್ರಶ್ನೆ ಬಂದರೂ ಇವುಗಳಲ್ಲೊಂದಕ್ಕೆ ಹೊಂದಿಸಿಕೊಳ್ಳಿ ಎಂದು ಅಭ್ಯಾಸ ಮಾಡಿಸಿದರು. ಪ್ರಬಂಧ ಬಾಯಿಪಾಠ ಮಾಡಿದಂತೆ ನೆನಪಿನ ಚಿತ್ರವನ್ನೂ ಬಾಯಿಪಾಠ ಮಾಡಬಹುದೆಂದು ನನಗೆ ಆಗಲೇ ತಿಳಿದದ್ದು. ಅವಳಿಗೆ ಒಳ್ಳೆಯ ದರ್ಜೆಯೂ ಬಂದಿತು. ಹಾಗಾದರೆ ಆ ಪರೀಕ್ಷೆಗಳೇ ನಿಷ್ಪ್ರಯೋಜಕವೇ? ನಕಲು ಮಾಡುವುದನ್ನು ಪೂರ್ತಿ ನಿಲ್ಲಿಸಬೇಕೇ?

ಮೈಸೂರು ಶೈಲಿಯ ಚಿತ್ರಕಾರ, ಅಗ್ರಹಾರ, ಮೈಸೂರು:

ನಕಲು ಎಂಬುದನ್ನು ನಾವು ಒಂದೇ ತೂಕದಲ್ಲಿ ತೂಗಿದರೆ ತಪ್ಪಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಶಿಷ್ಯನಾದವನು ಮೊದಲು ಮಾಡುವುದೇ ಗುರುವಿನ ರೇಖೆಯನ್ನು ಅನುಸರಿಸುವುದು. ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ ಎಂಬುದನ್ನು ಧ್ಯಾನಶ್ಲೋಕವೇ ಹೇಳಿಬಿಟ್ಟಿರುತ್ತದೆ. ಹಾಗಿದ್ದರೂ ಇಬ್ಬರು ಬರೆದ ಸರಸ್ವತಿಯರು ಒಂದೇ ಆಗಿರುವುದಿಲ್ಲ. ಕಣ್ಣಿನ ರೆಪ್ಪೆ ಎಷ್ಟು ಬಾಗಿದೆ, ಸೀರೆಯ ನೆರಿಗೆ ಮೊಣಕಾಲಿನ ಬಳಿ ಹೇಗೆ ತಿರುಗಿದೆ ಎಂಬಲ್ಲಿ ಕೈ ಗುರುತು ಸಿಗುತ್ತದೆ. ಅಲ್ಲಿಗೆ ಬರುವ ಮೊದಲು ಒಂದೇ ಮುಖವನ್ನು ಅದೆಷ್ಟೋ ಸಲ ಬರೆದು ಅಳಿಸಿರುತ್ತಾರೆ. ಮೇಷ್ಟ್ರು ಹೇಳಿದ ಎರಡನೆಯ ಹಾಳೆ ನಮ್ಮ ಪರಂಪರೆಯಲ್ಲಿ ಮೊದಲಿನಿಂದಲೂ ಇದೆ. ಫೋನಿನ ಪರದೆ ನೋಡಿ ಒಂದೇ ಸಲಕ್ಕೆ ಇಳಿಸಿ ಮುಗಿಸುವುದನ್ನು ಮಾತ್ರ ನಾನು ಕಲಿಕೆ ಎಂದು ಒಪ್ಪಲಾರೆ.

ಕೆಲಸದ ಕ್ರಮವೂ ಆತುರಕ್ಕೆ ಎಡೆಗೊಡುವುದಿಲ್ಲ. ರೇಖೆ ಮುಗಿದ ಮೇಲೆ ಆಭರಣ, ಕಿರೀಟ, ಪ್ರಭಾವಳಿಗಳ ಜಾಗದಲ್ಲಿ ಮಕ್ಕು ಸಫೇದದಿಂದ ಸಣ್ಣ ಕುಂಚ ಹಿಡಿದು ತೆಳುವಾದ ಉಬ್ಬು ಕೆಲಸ ಮಾಡುತ್ತೇವೆ. ಬಿಳಿಯ ಪುಡಿ, ರೇವಲ್ ಚಿನ್ನಿ ಎಂಬ ಹಳದಿ ರಾಳ ಮತ್ತು ಅಂಟನ್ನು ಅರೆದು ಮಾಡುವ ಲೇಪ ಅದು; ಹಿಂದೆ ಸೀಸದ ಬಿಳಿಯನ್ನು ಬಳಸುತ್ತಿದ್ದರು, ಅದು ವಿಷವಾದ್ದರಿಂದ ಈಗ ಸತುವಿನ ಬಿಳಿ ಬಂದಿದೆ. ಲೇಪ ಒಣಗುವವರೆಗೆ ಕಾಯಬೇಕು, ಆಮೇಲೆ ಚಿನ್ನದ ರೇಕು ಕೂರಿಸಬೇಕು. ತಂಜಾವೂರಿನ ಚಿತ್ರಗಳ ದಪ್ಪ ಉಬ್ಬಿನ ಮುಂದೆ ನಮ್ಮದು ಇದೆಯೋ ಇಲ್ಲವೋ ಎನ್ನುವಷ್ಟು ತೆಳು, ಬೆರಳಿನ ತುದಿಗೆ ಮಾತ್ರ ತಿಳಿಯುವಂಥದು.

ಕೆ. ವೆಂಕಟಪ್ಪನವರ ಉದಾಹರಣೆಯನ್ನೂ ಇಲ್ಲಿ ನೆನೆಯಬಹುದು. 1886ರಲ್ಲಿ ಹುಟ್ಟಿದ ಅವರು ಆಸ್ಥಾನ ಚಿತ್ರಕಾರರ ಮನೆತನದಿಂದ ಬಂದವರು, ಅಂದರೆ ರೇಖೆ ಅನುಸರಿಸುವ ಶಿಸ್ತಿನಲ್ಲಿಯೇ ಬೆಳೆದವರು. ಮುಂದೆ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ನಂತರ ಊಟಿ, ಕೊಡೈಕನಾಲ್‌ಗಳ ಜಲವರ್ಣದ ನಿಸರ್ಗ ಚಿತ್ರಗಳನ್ನು ಬರೆದರು. ಆ ಮಂಜನ್ನು ಅವರು ಯಾವ ಮಾದರಿ ಹಾಳೆಯಿಂದಲೂ ತೆಗೆದುಕೊಳ್ಳಲಿಲ್ಲ. ಹಾಗೆಂದು ಮನೆತನದ ಅಭ್ಯಾಸ ಕೊಟ್ಟ ಕೈ ಇಲ್ಲದಿದ್ದರೆ ಆ ಮಂಜು ಹಾಳೆಗೆ ಇಳಿಯುತ್ತಲೂ ಇರಲಿಲ್ಲ.

ಒಂದು ಸಣ್ಣ ಮಾತು. ಹಳೆಯ ಚಿತ್ರಕಾರರು ಮೊದಲ ರೇಖೆಗೆ ಬಳಸುತ್ತಿದ್ದುದು ಹುಣಸೆ ಕಡ್ಡಿಯ ಇದ್ದಿಲು. ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಡುತ್ತಿದ್ದರು. ಕಾಸು ಖರ್ಚಿಲ್ಲದ ಸಾಧನ ಇದು, ಶಾಲೆಗಳು ಏಕೆ ಬಳಸಬಾರದು?

ಪದವಿ ವಿದ್ಯಾರ್ಥಿ, ಮೈಸೂರು:

ನಾನು ಪ್ರೌಢಶಾಲೆಯಲ್ಲಿದ್ದಾಗ ಫೋನು ನೋಡಿಯೇ ಚಿತ್ರ ಕಲಿತವನು, ಆದ್ದರಿಂದ ಚಿತ್ರಕಾರರ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ. ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಹುದ್ದೆ ಖಾಲಿಯಿತ್ತು. ಕೈ ಹಿಡಿದು ನೆರಳು ಹಾಕುವುದನ್ನು ತೋರಿಸುವವರು ಯೂಟ್ಯೂಬಿನಲ್ಲಿ ಮಾತ್ರ ಸಿಗುತ್ತಿದ್ದರು. ಈಗಿನ ಮಕ್ಕಳು ಎಐಗೆ ಒಂದು ವಾಕ್ಯ ಕೊಟ್ಟು, ಬಂದ ಚಿತ್ರವನ್ನು ನೋಡಿ ಇಳಿಸುತ್ತಿದ್ದಾರೆ ಎಂಬುದು ಬೇರೆ ವಿಷಯ. ಅಲ್ಲಿ ತೊಂದರೆಯಿರುವುದು ಚಿತ್ರ ಮೊದಲೇ ಮುಗಿದುಹೋಗಿರುವುದರಲ್ಲಿ. ಮಗುವಿಗೆ ತೀರ್ಮಾನ ಮಾಡಲು ಏನೂ ಉಳಿದಿರುವುದಿಲ್ಲ.

ಮನೋವಿಜ್ಞಾನ ಅಧ್ಯಾಪಕಿ, ಮಂಡ್ಯ:

ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ ಎರಡು ಪ್ರಯೋಗಗಳನ್ನು ಪ್ರಸ್ತಾಪಿಸುತ್ತೇನೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಅಮೆರಿಕದ ಸಂಶೋಧಕರು, ಸ್ವಂತ ಇಷ್ಟದಿಂದ ಚಿತ್ರ ಬರೆಯುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಏನೂ ಹೇಳದೆ ಕೊನೆಯಲ್ಲಿ ಅದೇ ಪತ್ರವನ್ನು ಕೊಟ್ಟರು. ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಮೊದಲ ಗುಂಪಿನ ಮಕ್ಕಳು ಚಿತ್ರ ಬರೆಯಲು ಕಳೆದ ಹೊತ್ತು ಉಳಿದವರದರ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಕೊಟ್ಟ ಬಹುಮಾನದಿಂದ ಹಾನಿಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಎರಡನೆಯದು ತೆರೇಸಾ ಅಮಬೈಲ್ 1982ರಲ್ಲಿ ಪ್ರಕಟಿಸಿದ ಅಧ್ಯಯನ. 7ರಿಂದ 11 ವರ್ಷದ ಹುಡುಗಿಯರು ಬಣ್ಣದ ಕಾಗದದ ತುಂಡುಗಳನ್ನು ಅಂಟಿಸಿ ಚಿತ್ರ ಮಾಡಿದರು. ಒಂದು ಗುಂಪಿಗೆ ಉತ್ತಮ ಚಿತ್ರಕ್ಕೆ ಬಹುಮಾನವೆಂದು ಹೇಳಲಾಗಿತ್ತು, ಇನ್ನೊಂದು ಗುಂಪಿಗೆ ಚೀಟಿ ಎತ್ತಿ ಬಹುಮಾನ ಕೊಡುವುದಾಗಿ ಹೇಳಲಾಗಿತ್ತು. ಯಾರು ಯಾವ ಗುಂಪಿನವರೆಂದು ತಿಳಿಯದ ಕಲಾವಿದರು ನೋಡಿ ಅಳೆದಾಗ, ಸ್ಪರ್ಧೆಗೆಂದು ಮಾಡಿದವರ ಚಿತ್ರಗಳು ಸೃಜನಶೀಲತೆಯಲ್ಲಿ ಕೆಳಗಿದ್ದವು. ಇವರೆಲ್ಲ ಚಿಕ್ಕ ಮಕ್ಕಳು, ಬೇರೆ ದೇಶದವರು; ನಮ್ಮ ಹದಿನಾಲ್ಕರ ಹುಡುಗರಿಗೆ ಇದು ಹಾಗೆಹಾಗೆಯೇ ಅನ್ವಯಿಸುತ್ತದೆಂದು ನಾನು ವಾದಿಸುವುದಿಲ್ಲ. ಆದರೆ ಅಳುವ ಭೂಮಿ ಮತ್ತು ಎರಡು ಕೈಗಳ ಚಿತ್ರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಸುಳಿವಿದೆ: ಸೋಲಬಾರದು ಎಂದುಕೊಂಡ ಮಗು ಗೆದ್ದು ಬಂದ ಚಿತ್ರವನ್ನೇ ಆರಿಸಿಕೊಳ್ಳುತ್ತದೆ.

ಹದಿಹರೆಯಕ್ಕೇ ವಿಶಿಷ್ಟವಾದ ಒಂದು ಸಂಗತಿಯೂ ಇದೆ. ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಹಂತಗಳಾಗಿ ವಿವರಿಸಿದ ವಿಕ್ಟರ್ ಲೋವೆನ್‌ಫೆಲ್ಡ್, ಸುಮಾರು 12ರಿಂದ 14ರ ವಯಸ್ಸಿನಲ್ಲಿ ಮಗು ತನ್ನ ಚಿತ್ರವನ್ನು ದೊಡ್ಡವರ ಕಣ್ಣಿನಿಂದ ನೋಡಲು ತೊಡಗುತ್ತದೆ ಎಂದು ಗುರುತಿಸಿದರು. ಆರು ವರ್ಷದ ಮಗುವಿಗೆ ತಾನು ಬರೆದ ಕುದುರೆ ಕುದುರೆಯೇ. ಹದಿಮೂರರ ಹುಡುಗನಿಗೆ ಅದು ಕುದುರೆಯಂತಿಲ್ಲ ಎಂಬುದು ಮೊದಲು ಕಾಣುತ್ತದೆ. 'ನನಗೆ ಡ್ರಾಯಿಂಗ್ ಬರಲ್ಲ ಮಿಸ್' ಎಂಬ ಮಾತು ಶುರುವಾಗುವುದು ಆಗಲೇ. ಕಣ್ಣು ಮುಂದೆ ಹೋಗಿದೆ, ಕೈ ಹಿಂದೆ ಉಳಿದಿದೆ. ಆ ಹೊತ್ತಿನಲ್ಲಿ ಇನ್ನೊಂದು ಹಾಳೆ ಕೊಟ್ಟು, ಇನ್ನೊಮ್ಮೆ ನೋಡಿ ಬರೆಯಪ್ಪ ಎನ್ನುವವರು ಪಕ್ಕದಲ್ಲಿರಬೇಕು.

ನಿವೃತ್ತ ಮುಖ್ಯೋಪಾಧ್ಯಾಯ, ಪಾಂಡವಪುರ:

ಮೇಡಂ ಅವರ ಮಾತು ಶಾಸ್ತ್ರೀಯವಾಗಿದೆ, ಆದರೂ ಸ್ಪರ್ಧೆಗಳನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಪ್ರತಿಭಾ ಕಾರಂಜಿಯ ಬೆಲೆ ಗೊತ್ತು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಏರಿಕೊಂಡು ಹೋಗುವ ಆ ವ್ಯವಸ್ಥೆಯಿಲ್ಲದಿದ್ದರೆ ನಮ್ಮ ಎಷ್ಟೋ ಮಕ್ಕಳು ಇನ್ನೊಂದು ಶಾಲೆಯ ಮಕ್ಕಳು ಮಾಡಿದ ಕೆಲಸವನ್ನು ನೋಡುತ್ತಲೇ ಇರಲಿಲ್ಲ. 2015ರಿಂದ ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗೆ ಕೇಂದ್ರದ ಕಲಾ ಉತ್ಸವವೂ ನಡೆಯುತ್ತಿದೆ. ಸೋಮನ ಕುಣಿತದ ಮುಖವಾಡ ಮಾಡಿಕೊಂಡು ಜಿಲ್ಲಾ ಮಟ್ಟಕ್ಕೆ ಹೋದ ನಮ್ಮ ಶಾಲೆಯ ಹುಡುಗನೊಬ್ಬನಿಗೆ, ಅವನ ಮನೆಯವರು ತಲೆತಲಾಂತರದಿಂದ ಮಾಡುತ್ತ ಬಂದದ್ದು ಕಲೆ ಎಂದು ಮೊದಲ ಸಲ ಹೇಳಿದವರು ಅಲ್ಲಿನ ತೀರ್ಪುಗಾರರು. ಮನೆಯಲ್ಲಿ ಅದು ಹಬ್ಬದ ಕೆಲಸ, ಶಾಲೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.

ಕಲಾ ಶಿಕ್ಷಣ ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಇರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಹೇಳಿದ್ದು ಕಾಗದದಲ್ಲಿ ಉಳಿಯಿತು. ವೇಳಾಪಟ್ಟಿಯಲ್ಲಿ ಚಿತ್ರಕಲೆಗೆಂದು ಇದ್ದ ಪೀರಿಯಡ್ಡನ್ನು ಗಣಿತದವರು ಕೇಳಿದಾಗ ಕೊಡದೆ ಇರುವುದು ಎಷ್ಟು ಕಷ್ಟ ಎಂಬುದು ಆ ಕುರ್ಚಿಯಲ್ಲಿ ಕುಳಿತವರಿಗೆ ಮಾತ್ರ ಗೊತ್ತು. ಬಹುಮಾನ ಬಂದ ವರ್ಷ ಆ ಪೀರಿಯಡ್ ಉಳಿಯುತ್ತಿತ್ತು, ಬಾರದ ವರ್ಷ ಹೋಗುತ್ತಿತ್ತು.

ಚಿತ್ರಕಲಾ ಶಿಕ್ಷಕ, ಮಂಡ್ಯ ಜಿಲ್ಲೆ:

ಹಿರಿಯರ ಆಕ್ಷೇಪವನ್ನು ಗೌರವದಿಂದ ಸ್ವೀಕರಿಸುತ್ತೇನೆ. ಆದರೆ ತಾವು ಕೊಟ್ಟ ಉದಾಹರಣೆಯೇ ನನ್ನ ವಾದಕ್ಕೂ ಬೆಂಬಲವಾಗಿದೆ. ಆ ಹುಡುಗ ಮುಖವಾಡವನ್ನು ಸ್ಪರ್ಧೆಯ ಹೊತ್ತಿನಲ್ಲಿ ಕಲಿತದ್ದಲ್ಲ. ವರ್ಷವರ್ಷವೂ ಬಣ್ಣ ಹಚ್ಚುವುದನ್ನು ನೋಡಿ, ಕೈಯಾಡಿಸಿ, ಬೈಸಿಕೊಂಡು ಕಲಿತದ್ದು. ಸ್ಪರ್ಧೆ ಅದಕ್ಕೆ ವೇದಿಕೆಯಾಯಿತು ಅಷ್ಟೆ. ವೇದಿಕೆ ಇರಲಿ, ಅದಕ್ಕಿಂತ ಮುಂಚಿನ ಹೊತ್ತನ್ನು ಶಾಲೆ ಹೇಗೆ ಒದಗಿಸಬೇಕು ಎಂಬುದೇ ನನ್ನ ಪ್ರಶ್ನೆ.

ಪ್ರವಾಸದ ವಿಚಾರವನ್ನೂ ಹೇಳಬೇಕು. ಸೋಮನಾಥಪುರಕ್ಕೆ ಮಕ್ಕಳನ್ನು ಕರೆದೊಯ್ದಾಗ ಇಡೀ ದೇವಾಲಯವನ್ನು ಬರೆಯಲು ಬಿಡುವುದಿಲ್ಲ. ಇಬ್ಬಿಬ್ಬರಿಗೆ ಗೋಡೆಯ ಬುಡದ ಒಂದೊಂದು ಮೊಳದಷ್ಟು ಜಾಗವನ್ನು ಹಂಚುತ್ತೇನೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕತೆ, ಮಕರ, ಹಂಸ. ಮೊದಲು ಎಲ್ಲ ಆನೆಗಳೂ ಒಂದೇ ಎನ್ನುತ್ತಾರೆ, ಬರೆಯಲು ಕುಳಿತ ಮೇಲೆ ಒಂದರ ಸೊಂಡಿಲು ಇನ್ನೊಂದರಂತಿಲ್ಲ ಎಂದು ಓಡಿ ಬರುತ್ತಾರೆ. 1258ರ ಆ ಗುಡಿಯಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ತಾನು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾನೆ. ಅದನ್ನು ತೋರಿಸಿದಾಗ ಮಕ್ಕಳ ಮುಖದಲ್ಲಿ ಮೂಡುವ ಆಸಕ್ತಿ ಇತಿಹಾಸದ ತರಗತಿಯಲ್ಲಿ ಕಾಣುವುದಿಲ್ಲ ಎಂದು ನಮ್ಮ ಸಮಾಜ ವಿಜ್ಞಾನದ ಶಿಕ್ಷಕರೇ ಹೇಳಿದರು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಇನ್ನೂ ಹತ್ತಿರ. ಅಲ್ಲಿನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ, ಅವನನ್ನು ಸುತ್ತುವರಿದು ಚೌಕಾಕಾರವಾಗಿ ನಿಂತ ಇಂಗ್ಲಿಷರ ಪಡೆ, ನಾಲ್ಕೂ ಕಡೆಯಿಂದ ನುಗ್ಗುವ ಕುದುರೆಗಳು. ದೂರದ್ದು ಚಿಕ್ಕದಾಗಿರಬೇಕು ಎಂಬ ಪರೀಕ್ಷೆಯ ನಿಯಮವನ್ನು ಆ ಗೋಡೆ ಪಾಲಿಸುವುದಿಲ್ಲ, ಆದರೂ ಯುದ್ಧದ ಗದ್ದಲ ಕಣ್ಣಿಗೆ ಕಟ್ಟುತ್ತದೆ. ಹಾಗಾದರೆ ನಾವೂ ಹೀಗೆ ಬರೆಯಬಹುದೇ ಸರ್ ಎಂದು ಒಬ್ಬ ಕೇಳಿದ. ಬರೆಯಬಹುದು, ಪರೀಕ್ಷೆಯಲ್ಲಿ ಬೇಡ ಎಂದೆ. ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನನಗೆ ಹೊಳೆಯಲಿಲ್ಲ.

ಚಿತ್ರಕಾರರಲ್ಲಿ ಒಂದು ವಿನಂತಿ: ಹುಣಸೆ ಇದ್ದಿಲನ್ನು ಶಾಲೆಯಲ್ಲಿ ಮಾಡುವ ಕ್ರಮವನ್ನು ತಿಳಿಸಿಕೊಡಿ. ಒಂದು ಡಬ್ಬಿ ಪೋಸ್ಟರ್ ಬಣ್ಣಕ್ಕೂ ಹಿಂದುಮುಂದು ನೋಡುವ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಎರಡನೆಯ ಹಾಳೆ ಎಂದು ನಾನು ಸುಲಭವಾಗಿ ಹೇಳುತ್ತೇನೆ, ಹಾಳೆಗೂ ದುಡ್ಡು ಬೇಕು.

ಮೈಸೂರು ಶೈಲಿಯ ಚಿತ್ರಕಾರ, ಅಗ್ರಹಾರ, ಮೈಸೂರು:

ಪೆನ್ಸಿಲಿನ ಗಾತ್ರದ ಒಣಗಿದ ಹುಣಸೆ ಕಡ್ಡಿಗಳ ಸಿಪ್ಪೆ ಹೆರೆದು, ಗೇಣುದ್ದಕ್ಕೆ ಕತ್ತರಿಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಸಂದಿಯಿಲ್ಲದಂತೆ ನಿಲ್ಲಿಸಿ. ಮುಚ್ಚಳಕ್ಕೆ ಮೊಳೆಯಿಂದ ಒಂದು ಸಣ್ಣ ತೂತು ಮಾಡಿ ಬೆಂಕಿಯಲ್ಲಿಡಿ. ತೂತಿನಿಂದ ಮೊದಲು ಬಿಳಿ ಹೊಗೆ ಬರುತ್ತದೆ, ಅದು ನಿಂತಾಗ ಕಡ್ಡಿ ಬೆಂದಿರುತ್ತದೆ. ಪೂರ್ತಿ ಆರುವವರೆಗೆ ಡಬ್ಬಿ ತೆರೆಯಬಾರದು. ಬೆಂಕಿಯ ಹತ್ತಿರ ದೊಡ್ಡವರೊಬ್ಬರು ಇರಲೇಬೇಕು.

ವಿಜ್ಞಾನ ಶಿಕ್ಷಕಿ, ಮದ್ದೂರು ತಾಲ್ಲೂಕು:

ಬಿಸಿಯಾಗಿರುವಾಗಲೇ ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಇದ್ದಿಲು ಹೊತ್ತಿಕೊಂಡು ಬೂದಿಯಾಗುತ್ತದೆ. ಗಾಳಿಯಿಲ್ಲದೆ ಕಾಯಿಸಿದರೆ ಮರದಲ್ಲಿರುವ ಆವಿಯಾಗುವ ಅಂಶಗಳು ಹೋಗಿ ಇಂಗಾಲ ಉಳಿಯುತ್ತದೆ. ಇದನ್ನೇ ನಾನು ದಹನದ ಪಾಠದಲ್ಲಿ ಹೇಳುತ್ತೇನೆ, ಮಾಡಿ ತೋರಿಸಿರಲಿಲ್ಲ. ಹಾಗೆಯೇ ಆಮ್ಲ, ಪ್ರತ್ಯಾಮ್ಲಗಳ ಪಾಠದ ದಿನ ನಮ್ಮ ಮಕ್ಕಳು ಅರಿಶಿನ ನೀರಿನಲ್ಲಿ ಅದ್ದಿ ಒಣಗಿಸಿದ ಹಾಳೆಯ ಮೇಲೆ ಸುಣ್ಣದ ತಿಳಿನೀರಿನಿಂದ ಚಿತ್ರ ಬರೆಯುತ್ತಾರೆ. ಕುಂಚ ತಾಗಿದಲ್ಲೆಲ್ಲ ಹಳದಿ ಕೆಂಪಾಗುತ್ತದೆ, ನಿಂಬೆ ರಸ ತಾಗಿಸಿದರೆ ಮತ್ತೆ ಹಳದಿಗೆ ಮರಳುತ್ತದೆ. ಅಳಿಸಿ ಬರೆಯುವ ಅವಕಾಶ ಅದರಲ್ಲೇ ಇರುವುದರಿಂದಲೋ ಏನೋ, ಡ್ರಾಯಿಂಗ್ ಬರಲ್ಲ ಎನ್ನುವ ಹುಡುಗರೂ ಆ ದಿನ ಹಿಂಜರಿಯುವುದಿಲ್ಲ. ಗಣಿತದವರು ಪೀರಿಯಡ್ ಕೇಳಿದರೆ ನನ್ನ ಪೀರಿಯಡ್ಡಿನಲ್ಲಿ ಇದ್ದಿಲು ಸುಡೋಣ.

ಪೋಷಕಿ, ಕುವೆಂಪುನಗರ, ಮೈಸೂರು:

ಇದನ್ನೆಲ್ಲ ಓದಿದ ಮೇಲೆ ಮಗಳಿಗೆ ಭಾನುವಾರ ಬೆಳಗಿನ ಹೊತ್ತನ್ನು ಬಿಟ್ಟುಕೊಟ್ಟಿದ್ದೇವೆ. ಅವಳ ಅಜ್ಜಿ ಇನ್ನೂ ಒಪ್ಪಿಲ್ಲ, ಆದರೆ ತಾವು ಹೂ ಕಟ್ಟುವಾಗ ಮೊಮ್ಮಗಳು ತಮ್ಮ ಕೈಗಳನ್ನು ಬರೆಯುವುದಕ್ಕೆ ಬೇಡವೆಂದಿಲ್ಲ. ಇದ್ದಿಲಿಗೆ ಯಾವ ಹಾಳೆ ಸೂಕ್ತ? ಡ್ರಾಯಿಂಗ್ ಪುಸ್ತಕದ ನುಣುಪು ಹಾಳೆಯ ಮೇಲೆ ಕಪ್ಪು ನಿಲ್ಲುತ್ತಿಲ್ಲ.

ಮೈಸೂರು ಶೈಲಿಯ ಚಿತ್ರಕಾರ, ಅಗ್ರಹಾರ, ಮೈಸೂರು:

ನುಣುಪು ಬೇಡ ಅಮ್ಮ, ಒರಟಿರಬೇಕು. ಪುಸ್ತಕಗಳಿಗೆ ರಟ್ಟು ಹಾಕುವ ಕಂದು ಕಾಗದದಲ್ಲಿ ಹೊಳಪಿಲ್ಲದ ಬದಿ ಚೆನ್ನಾಗಿ ಹಿಡಿಯುತ್ತದೆ, ಸುಣ್ಣದ ಕಡ್ಡಿಯಿಂದ ಬಿಳಿಯನ್ನೂ ಕೊಡಬಹುದು. ಕೆನೆ ತೆಗೆದ ಹಾಲಿಗೆ ನೀರು ಬೆರೆಸಿ ದೂರದಿಂದ ತೆಳುವಾಗಿ ಸಿಂಪಡಿಸಿದರೆ ಪುಡಿ ಉದುರುವುದು ಕಡಿಮೆಯಾಗುತ್ತದೆ.

ನಿವೃತ್ತ ಮುಖ್ಯೋಪಾಧ್ಯಾಯ, ಪಾಂಡವಪುರ:

ಮೇಷ್ಟ್ರೇ, ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಗೋಡೆಯನ್ನು ಬಹುಮಾನವಿಲ್ಲದ ಪ್ರದರ್ಶನಕ್ಕೆ ಬಿಡಿಸಿಕೊಳ್ಳಿ. ಒಂದೊಂದು ಮಗುವಿನ ಮೊದಲನೆಯ ಹಾಳೆಯಿಂದ ಕೊನೆಯದರವರೆಗೆ ಮೇಲಿನಿಂದ ಕೆಳಕ್ಕೆ ದಾರದಲ್ಲಿ ಸಿಕ್ಕಿಸಿ. ಕಡೆಯ ಚಿತ್ರವೊಂದನ್ನೇ ನೋಡಿದ ತಂದೆತಾಯಿಗಳಿಗೆ ಮಗು ಏನು ಮಾಡಿತೆಂದು ತಿಳಿಯುವುದಿಲ್ಲ. ಕಂದು ಕಾಗದದ ಖರ್ಚು ನನ್ನದು.

ಚಿತ್ರಕಲಾ ಶಿಕ್ಷಕ, ಮಂಡ್ಯ ಜಿಲ್ಲೆ:

ಧನ್ಯವಾದಗಳು ಸರ್. ನಮ್ಮ ಮುಖ್ಯ ಶಿಕ್ಷಕರು ಗ್ರಂಥಾಲಯದ ಹೊರಗೋಡೆಯನ್ನು ಕೊಡಲು ಒಪ್ಪಿದ್ದಾರೆ. ಆದರೆ ತರಗತಿಯಲ್ಲಿ ಹೇಳಿದ ಕೂಡಲೇ ಆಲೆಮನೆಯ ಚಿತ್ರ ಬರೆದ ವಿದ್ಯಾರ್ಥಿನಿಯೇ ಎದ್ದು ನಿಂತು, ಮೊದಲ ಹಾಳೆಯನ್ನು ನೇತುಹಾಕುವುದು ಬೇಡ ಸರ್, ಎಲ್ಲರೂ ನಗುತ್ತಾರೆ ಎಂದಳು. ಮೇಡಂ ಹೇಳಿದ ದೊಡ್ಡವರ ಕಣ್ಣು ಇದೇ ಇರಬೇಕು. ಯಾವ ಹಾಳೆ ಗೋಡೆಗೆ ಹೋಗಬೇಕೆಂಬುದನ್ನು ಆಯಾ ಮಗುವೇ ತೀರ್ಮಾನಿಸಲಿ ಎಂದು ಸದ್ಯಕ್ಕೆ ಹೇಳಿದ್ದೇನೆ. ಅವಳು ಎರಡನೆಯದನ್ನೂ ಮೂರನೆಯದನ್ನೂ ಕೊಟ್ಟಿದ್ದಾಳೆ. ಪಕ್ಕದ ಬೆಂಚಿನ ಹುಡುಗ ಮೂರನ್ನೂ ಕೊಟ್ಟು, ಎರಡು ಬೆಟ್ಟಗಳ ಚಿತ್ರವನ್ನೂ ಸೇರಿಸಬಹುದೇ ಎಂದು ಕೇಳಿದ್ದಾನೆ.